ಕೆಳಗೆ ಇಳಿಸೋ ಮುಂಚೆ ಮೇಲೆ ಹತ್ತಿಸ್ತಾರಲ್ಲ, ಯಾಕೆ? ಸುರಂಗ ಮೆಟ್ರೋ ಮತ್ತು ಮಳೆ ನೀರು

ಲಾಲ್‌ಬಾಗ್_ಬಂಡೆ

ಮೊನ್ನೆ ಅಪ್ಪನನ್ನು ಸುರಂಗದ ಮೆಟ್ರೋ ಹತ್ತಿಸಲು ಕರೆದುಕೊಂಡು ಹೋಗಿದ್ದೆ. ಅವರಿಗೆ 73 ವರ್ಷ, ಎಡ ಮಂಡಿ ನೋವು. ಫುಟ್‌ಪಾತ್‌ನಿಂದ ಸ್ಟೇಷನ್ ಬಾಗಿಲಿಗೆ ಮೊದಲು ಐದು ಮೆಟ್ಟಿಲು ಮೇಲೆ ಹತ್ತಬೇಕು. ಹತ್ತಿದರೆ ಒಂದು ಚಿಕ್ಕ ಜಗಲಿ. ಅಲ್ಲಿಂದ ಎಸ್ಕಲೇಟರ್ ಕೆಳಕ್ಕೆ. ಮೂರನೇ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತ ಅಪ್ಪ, "ಪಾತಾಳಕ್ಕೆ ಇಳಿಸೋ ಮುಂಚೆ ಅಟ್ಟ ಹತ್ತಿಸ್ತಾರಲ್ಲೋ" ಅಂದರು. ಮಳೆ ನೀರು ಒಳಗೆ ಬರಬಾರದು ಅಂತ ಇರಬೇಕು ಅಂದೆ. "ಐದು ಮೆಟ್ಟಿಲು ಹತ್ತೋ ನೀರಿಗೆ ಆರನೇದು ಹತ್ತೋಕೆ ಬರಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಮಾಷೆ ಬಿಟ್ಟು ಕೇಳುತ್ತಿದ್ದೇನೆ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಹುಡುಗಿ ತೀರಿಕೊಂಡಳಲ್ಲ, ಅವತ್ತಿನಿಂದ ನನಗೊಂದು ಅಳುಕು. ಎಂ.ಜಿ. ರಸ್ತೆ ಬಿಟ್ಟ ರೈಲು ಇಳಿಜಾರಿನಲ್ಲಿ ಇಳಿದು ಕಬ್ಬನ್ ಪಾರ್ಕ್ ಕಡೆ ಸುರಂಗಕ್ಕೆ ನುಗ್ಗುವಾಗ, ಹೊರಗೆ ಜೋರು ಮಳೆ ಇದ್ದರೆ, ನಾನು ಕಿಟಕಿಗೆ ಮುಖ ಒತ್ತಿ ಆ ಸುರಂಗದ ಬಾಯಿಯನ್ನೇ ನೋಡುತ್ತೇನೆ. ಒಂದು ಅಂಡರ್‌ಪಾಸ್‌ನ ನೀರು ಹೊತ್ತಿಗೆ ಸರಿಯಾಗಿ ಎತ್ತಲಾಗದ ಊರು ನಮ್ಮದು. ಪಿಂಕ್ ಲೈನ್ ಒಂದರಲ್ಲೇ ಸುಮಾರು 13.76 ಕಿ.ಮೀ. ನೆಲದಡಿ. ಇದನ್ನೆಲ್ಲ ನೀರಿನಿಂದ ಕಾಯೋದು ಹೇಗೆ? ಗೊತ್ತಿದ್ದವರು ಹೇಳಿ.

ಸುಮ್ನಿರಪ್ಪ

ಉದ್ಘಾಟನೆ ದಿನ ಗಂಗಾಪೂಜೆ ಮಾಡಿಸೋದು. ಮುಗೀತು.

ಮಣ್ಣುಮುಕ್ಕ

ಹದಿನೈದು ವರ್ಷದಿಂದ ಸುರಂಗದ್ದೇ ಕೆಲಸ ನನ್ನದು, ಬೇರೆ ಬೇರೆ ಊರುಗಳಲ್ಲಿ. ನಿಮ್ಮ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ.

ಆ ಐದು ಮೆಟ್ಟಿಲು ಸ್ಟೇಷನ್ನಿನ ಹೊಸ್ತಿಲು. ಊರ ಕಡೆ ಮನೆ ಕಟ್ಟುವಾಗ ಅಜ್ಜಂದಿರು ಏನು ಮಾಡುತ್ತಿದ್ದರು? "ಆ ವರ್ಷ ಹಳ್ಳ ಬಂದಾಗ ನೀರು ಇಲ್ಲೀತನಕ ಬಂದಿತ್ತು" ಅಂತ ಗೋಡೆ ಮೇಲೆ ಗುರುತು ತೋರಿಸುತ್ತಿದ್ದರು. ಅದಕ್ಕಿಂತ ಮೊಳ ಜಾಸ್ತಿ ಜಗಲಿ ಎತ್ತುತ್ತಿದ್ದರು. ನಾವು ಮಾಡೋದೂ ಅದೇ, ಲೆಕ್ಕ ಮಾತ್ರ ದೊಡ್ಡದು. ಆ ಜಾಗದಲ್ಲಿ ನೂರು ವರ್ಷಕ್ಕೋ ಇನ್ನೂರು ವರ್ಷಕ್ಕೋ ಒಮ್ಮೆ ಬರಬಹುದಾದ ನೀರಿನ ಮಟ್ಟ ಎಷ್ಟು, ಅದರ ಮೇಲೆ ಇನ್ನೆಷ್ಟು ಬಿಡಬೇಕು ಅಂತ ನೋಡಿ ಹೊಸ್ತಿಲ ಎತ್ತರ ತೀರ್ಮಾನ ಆಗುತ್ತದೆ. ಬ್ಯಾಂಕಾಕ್‌ಗೆ ಹೋದವರಿಗೆ ಗೊತ್ತಿರುತ್ತದೆ. ಅಲ್ಲಿನ ಸುರಂಗ ಮೆಟ್ರೋ ಬಾಗಿಲಿಗೆ ಎಲ್ಲ ಕಡೆಯೂ ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. 2011ರಲ್ಲಿ ಆ ಊರಿನ ಸುತ್ತಮುತ್ತ ವಾರಗಟ್ಟಲೆ ನೀರು ನಿಂತಾಗಲೂ ಆ ಮೆಟ್ರೋ ಓಡುತ್ತಿತ್ತು.

ಆದರೆ ಕಷ್ಟ ಇರೋದು ಬಾಗಿಲಲ್ಲಿ ಅಲ್ಲ. ಬಾಗಿಲು ಎಲ್ಲರ ಕಣ್ಣಿಗೂ ಬೀಳುತ್ತೆ, ಹಾಗಾಗಿ ಅದಕ್ಕೆ ಹೊಸ್ತಿಲು ಬಂತು. ಒಂದು ಸ್ಟೇಷನ್ನಿಗೆ ಬಾಗಿಲು ನಾಲ್ಕೇ ಇರಬಹುದು. ಸುರಂಗಕ್ಕೆ ಗಾಳಿ ಹೋಗಿಬರುವ ಗಾಳಿಗುಂಡಿ, ಬೆಂಕಿ ಬಿದ್ದರೆ ಓಡುವ ಮೆಟ್ಟಿಲು, ಲಿಫ್ಟಿನ ಗುಂಡಿ, ಕೇಬಲ್ ಬರುವ ಪೈಪು, ಪಕ್ಕದ ಮಾಲ್‌ಗೆ ಕೊಟ್ಟ ದಾರಿ, ಮುಂದೆ ಯಾವಾಗಲೋ ಕಟ್ಟೋಣ ಅಂತ ಅರ್ಧಕ್ಕೆ ಬಿಟ್ಟ ದಾರಿ, ನೀವು ಕಿಟಕಿಯಿಂದ ನೋಡುವ ಸುರಂಗದ ಬಾಯಿ, ಡಿಪೋ. ಇದರಲ್ಲಿ ಯಾವುದೇ ಒಂದರ ಹೊಸ್ತಿಲು ಒಂದು ಗೇಣು ತಗ್ಗಿದ್ದರೂ ಸಾಕು. ಇಡೀ ಲೈನಿನ ನಿಜವಾದ ಹೊಸ್ತಿಲು ಅದೇ.

ಕೋಡಿಹರಿದಕೆರೆ

ಜಾಗದ ಚರಿತ್ರೆ ಯಾರೂ ಹೇಳಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಒಡಲಲ್ಲಿ. ಕೆ.ಆರ್. ಮಾರ್ಕೆಟ್ ಸಿದ್ದಿಕಟ್ಟೆ ಕೆರೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯಿತು. ಕೆರೆ ಹೋಯಿತು, ಕೆರೆಗೆ ನೀರು ಬರುತ್ತಿದ್ದ ಇಳಿಜಾರು ಎಲ್ಲಿ ಹೋಗುತ್ತೆ? ಮಳೆ ಬಂದರೆ ನೀರು ಈಗಲೂ ಆ ಕಡೆಗೇ ಓಡುತ್ತೆ. ಅಂಥ ಜಾಗಗಳ ಪಕ್ಕದಲ್ಲೇ ಸುರಂಗ ಕೊರೆದು ಸ್ಟೇಷನ್ ಕಟ್ಟಿದ್ದೀವಿ. ಮುಳುಗದೆ ಇನ್ನೇನಾಗುತ್ತೆ?

ಮಣ್ಣುಮುಕ್ಕ

ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ಮೇಲಿನ ಇಳಿಜಾರಿನ ಮಾತು ಪೂರ್ತಿ ನಿಜ. ಹೊಸ್ತಿಲ ಲೆಕ್ಕ ಹಾಕುವಾಗ ಹಳೇ ಕೆರೆಯ ನಕ್ಷೆ ಮೇಜಿನ ಮೇಲೆ ಇರಬೇಕು. ಆದರೆ "ಕೆರೆಯ ಕೆಳಗೆ ಸುರಂಗ, ಅದಕ್ಕೇ ಸೋರಿ ಮುಳುಗುತ್ತೆ" ಅನ್ನೋದು ತಪ್ಪು. ಯಂತ್ರ ಕೊರೆದ ಸುರಂಗಕ್ಕೆ ಕಾಂಕ್ರೀಟ್ ತುಂಡುಗಳ ಉಂಗುರ ಕೂರಿಸುತ್ತಾರೆ. ತುಂಡು ತುಂಡಿನ ಮಧ್ಯೆ ಕುಕ್ಕರ್ ಗ್ಯಾಸ್ಕೆಟ್ ತರಹದ ರಬ್ಬರ್. ನದಿ, ಸಮುದ್ರದ ಅಡಿಯಲ್ಲೂ ಹೀಗೇ ಮಾಡುತ್ತಾರೆ, ನಡೆಯುತ್ತದೆ. ಸ್ವಲ್ಪ ಜಿನುಗು ಇದ್ದೇ ಇರುತ್ತದೆ. ಅದು ಹಳಿ ಪಕ್ಕದ ಚರಂಡಿಯಲ್ಲಿ ಹರಿದು ಸುರಂಗದ ಅತಿ ತಗ್ಗಿನ ಜಾಗದ ಸಂಪಿಗೆ ಬೀಳುತ್ತದೆ, ಪಂಪ್ ಮೇಲಕ್ಕೆ ಎಸೆಯುತ್ತದೆ. ನ್ಯೂಯಾರ್ಕ್‌ನಂಥ ಹಳೇ ಸಬ್‌ವೇನಲ್ಲಿ (ಅಲ್ಲಿ ಸುರಂಗ ಮೆಟ್ರೋಗೆ ಹಾಗನ್ನುತ್ತಾರೆ) ಒಂದು ಹನಿ ಮಳೆ ಇಲ್ಲದ ದಿನವೂ ಸುಮಾರು 1.3 ಕೋಟಿ ಗ್ಯಾಲನ್ ನೀರು ಎತ್ತುತ್ತಾರೆ.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಅಂತರ್ಜಲ ಮೇಲಿರುವ ಕಡೆ ಸ್ಟೇಷನ್ ಕಟ್ಟುವಾಗ ನಮಗಿರುವ ಭಯ ಅದು ಮುಳುಗುತ್ತೆ ಅಂತಲ್ಲ, ತೇಲುತ್ತೆ ಅಂತ! ಖಾಲಿ ಕಾಂಕ್ರೀಟ್ ಡಬ್ಬಿ ಅಲ್ವಾ, ದೋಣಿ ಇದ್ದ ಹಾಗೆ. ಸುತ್ತಲಿನ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ತಳದ ಚಪ್ಪಡಿ ದಪ್ಪ ಮಾಡಿ, ಬೇಕಾದರೆ ಅಡಿಯಲ್ಲಿ ಲಂಗರು ಹಾಕಿ ಕೂರಿಸುತ್ತೇವೆ.

ದಾದರ್_ಕನ್ನಡಿಗ

ಅರ್ಧಕ್ಕೆ ಬಿಟ್ಟ ದಾರಿ ಅಂದಿರಲ್ಲ, ಅದನ್ನು ನಾವು ಇಲ್ಲಿ ಲೈವ್ ನೋಡಿದೆವು. ಮುಂಬೈಯ ಆಕ್ವಾ ಲೈನ್, ವರ್ಲಿ ಕಡೆಯ ಆಚಾರ್ಯ ಅತ್ರೆ ಚೌಕ್ ಸ್ಟೇಷನ್. 2025ರ ಮೇ 10ರ ಹೊತ್ತಿಗೆ ಜನರಿಗೆ ತೆರೆದರು. ಮೇ 26ಕ್ಕೆ ಒಳಗೆಲ್ಲ ಕೆಸರು ನೀರು. ಆ ವರ್ಷ ಮುಂಗಾರು ಎಂದಿಲ್ಲದಷ್ಟು ಬೇಗ ಬಂತು, ಅದೇ ದಿನ. ಜನ ಓಡಾಡುವ ಬಾಗಿಲಿನಿಂದ ನೀರು ಬರಲಿಲ್ಲ. ಇನ್ನೂ ಕಟ್ಟುತ್ತಿದ್ದ ಒಂದು ದಾರಿಗೆ ಅಡ್ಡ ಕಟ್ಟಿದ್ದ ತಾತ್ಕಾಲಿಕ ಗೋಡೆ ಕುಸಿದು ಅಲ್ಲಿಂದ ನುಗ್ಗಿತು. ಪ್ಲಾಟ್‌ಫಾರ್ಮ್‌ನಲ್ಲಿ ಹೊಸ ಗ್ರಾನೈಟ್, ಹೊಸ ಗಾಜಿನ ಬಾಗಿಲು, ಅದರ ಮೇಲೆಲ್ಲ ರಾಡಿ. ಆ ಸ್ಟೇಷನ್ ಮುಚ್ಚಿ ವರ್ಲಿಯವರೆಗೆ ಮಾತ್ರ ರೈಲು ಬಿಟ್ಟರು.

ಆಫೀಸಿನಲ್ಲಿ ಎಲ್ಲರೂ ಕಳಪೆ ಕಾಮಗಾರಿ ಅಂತ ಬೈದದ್ದೇ ಬೈದದ್ದು. ನನಗೆ ಅನಿಸಿದ್ದು ಬೇರೆ. ಮಳೆ ಜೂನ್‌ನಲ್ಲಿ ಬರುತ್ತೆ ಅನ್ನೋ ಕ್ಯಾಲೆಂಡರ್ ನಂಬಿ ಕೂತಿದ್ದರು.

ಮಣ್ಣುಮುಕ್ಕ

ಇದಕ್ಕೆ ಅಜ್ಜನಂಥ ಕಥೆ ಪ್ಯಾರಿಸ್‌ನಲ್ಲಿದೆ. 1910ರ ಜನವರಿಯಲ್ಲಿ ಸೇನ್ ನದಿ ಉಕ್ಕಿತು. ನದಿಯಿಂದ ಕಿಲೋಮೀಟರ್‌ಗೂ ಜಾಸ್ತಿ ದೂರದ ಸಾಂ ಲಜಾರ್ ರೈಲು ನಿಲ್ದಾಣದ ಮುಂದೆ ನೀರು ಬಂತು. ರಸ್ತೆ ಮೇಲಿಂದ ಅಲ್ಲ! ಆಗಿನ್ನೂ ಕೊರೆಯುತ್ತಿದ್ದ ಮೆಟ್ರೋ ಸುರಂಗದೊಳಗೆ ಹೊಕ್ಕು ಊರ ಮಧ್ಯದಲ್ಲಿ ಎದ್ದಿತು. ಸುರಂಗ ನೀರಿಗೆ ಬಲಿಯಾಗೋದು ಒಂದು ಕಡೆ, ನೀರಿಗೆ ಕಾಲುವೆ ಆಗೋದು ಇನ್ನೊಂದು ಕಡೆ. ನೂರು ವರ್ಷ ದಾಟಿದೆ, ಮುಗಿಯದ ಕಾಮಗಾರಿಯ ತೂತು ಈಗಲೂ ಅದೇ ತೂತು.

ಜರ್ಸಿಸಿಟಿ_ಜೋಳದರೊಟ್ಟಿ

2012ರ ಅಕ್ಟೋಬರ್ 29, ಸ್ಯಾಂಡಿ ಚಂಡಮಾರುತ ಬಂದ ರಾತ್ರಿ ನಾನು ಇಲ್ಲೇ, ನ್ಯೂಯಾರ್ಕ್ ಪಕ್ಕದ ಜರ್ಸಿ ಸಿಟಿಯಲ್ಲೇ ಇದ್ದೆ. ಕರೆಂಟ್ ಇಲ್ಲ. ಮೇಣದಬತ್ತಿ ಹಚ್ಚಿಕೊಂಡು ರೇಡಿಯೋ ಕೇಳುತ್ತಾ ಕೂತಿದ್ದೆವು. ಮ್ಯಾನ್‌ಹಟನ್ ತುದಿಯಲ್ಲಿ ಸಮುದ್ರದ ಮಟ್ಟ ಸುಮಾರು 14 ಅಡಿಗೆ ಏರಿತು.

ಅಲ್ಲಿ ಸೌತ್ ಫೆರಿ ಅಂತ ಒಂದು ಸ್ಟೇಷನ್ ಇದೆ. 2009ರಲ್ಲಿ ಅರ್ಧ ಬಿಲಿಯನ್ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿ ಹೊಸದಾಗಿ ಕಟ್ಟಿದ್ದು. ಬಾಗಿಲಿಗೆ ಅಡ್ಡ ಕೊಟ್ಟಿದ್ದು ಏನು ಗೊತ್ತಾ? ಪ್ಲೈವುಡ್ ಮತ್ತು ಮರಳುಚೀಲ. ಕೋಟಿಗಟ್ಟಲೆ ಗ್ಯಾಲನ್ ಉಪ್ಪುನೀರು ಒಳಗೆ ಹೋಯಿತು. ಮತ್ತೆ ತೆರೆದದ್ದು 2017ರ ಜೂನ್‌ನಲ್ಲಿ. ಕಟ್ಟಿದ ಮೇಲೆ ಮೂರೂವರೆ ವರ್ಷ ಓಡಿ, ನಾಲ್ಕೂವರೆ ವರ್ಷ ಮುಚ್ಚಿತ್ತು.

ಉಪ್ಪುನೀರಿನ ಬಗ್ಗೆ ಒಂದು ಮಾತು. ಪಂಪ್ ಮಾಡಿ ಒಣಗಿಸಿದರೆ ಮುಗೀತು ಅಂದುಕೊಳ್ಳುತ್ತೇವೆ. ಇಲ್ಲ. ನೀರು ಹೋದರೂ ಉಪ್ಪು ಉಳಿಯುತ್ತೆ. ಸಿಗ್ನಲ್ ಪೆಟ್ಟಿಗೆ, ಕೇಬಲ್ಲು, ಗೋಡೆಯ ಕಬ್ಬಿಣ ಎಲ್ಲವನ್ನೂ ನಿಧಾನ ತಿನ್ನುತ್ತೆ. ಅದಕ್ಕೇ ಬ್ರೂಕ್ಲಿನ್‌ಗೆ ಹೋಗುವ ಒಂದು ಸುರಂಗವನ್ನು ಮಾರನೇ ವರ್ಷ ಪೂರ್ತಿ 13 ತಿಂಗಳು ಮುಚ್ಚಿ ಹೊಸದಾಗಿ ಮಾಡಬೇಕಾಯಿತು. ನಮ್ಮ ಕಡೆ ಹೊಬೋಕೆನ್ ಸ್ಟೇಷನ್ನಿನ ಸಿಸಿಟಿವಿ ಚಿತ್ರ ನೋಡಿ. ಲಿಫ್ಟಿನ ಮುಚ್ಚಿದ ಬಾಗಿಲನ್ನು ಒದ್ದುಕೊಂಡು ನೀರು ಒಳಗೆ ಚಿಮ್ಮುತ್ತಿದೆ. ಮಣ್ಣುಮುಕ್ಕ ಅವರು ಹೇಳಿದ ಲಿಫ್ಟ್ ಗುಂಡಿ ಅದು. ಅಲ್ಲಿ ರೈಲು ಮತ್ತೆ ಬಂದದ್ದು ಡಿಸೆಂಬರ್‌ನಲ್ಲಿ.

ಆದರೆ ಒಂದು ಕೆಲಸ ಚೆನ್ನಾಗಿ ಮಾಡಿದ್ದರು. ಹಿಂದಿನ ದಿನ ಸಂಜೆ ಏಳಕ್ಕೇ ನ್ಯೂಯಾರ್ಕ್ ಸಬ್‌ವೇ ನಿಲ್ಲಿಸಲು ಶುರು ಮಾಡಿದರು. ಆಗಿನ್ನೂ ಮಳೆ ಸರಿಯಾಗಿ ಬಂದಿರಲಿಲ್ಲ, ಜನ ಬೈಯುತ್ತಿದ್ದರು. ತಗ್ಗಿನ ಯಾರ್ಡುಗಳಲ್ಲಿದ್ದ ರೈಲುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿದರು. ಹಾಗಾಗಿ ನೀರು ಬಂದಾಗ ಸುರಂಗದೊಳಗೆ ಪ್ರಯಾಣಿಕರು ಯಾರೂ ಇರಲಿಲ್ಲ. ನವೆಂಬರ್ 1ಕ್ಕೇ ಕೆಲವು ಕಡೆ ರೈಲು ಮತ್ತೆ ಓಡಿತು.

ಆಮೇಲೆ ಏನೇನು ಮಾಡಿದರು ಅಂದರೆ, ಗಾಳಿಗುಂಡಿಗೆ ಒಳಗಿಂದ ಮುಚ್ಚಳ, ಹಡಗಿನಲ್ಲಿರುವಂಥ ಕಬ್ಬಿಣದ ಬಾಗಿಲು. ಮೆಟ್ಟಿಲ ಬಾಯಿಗೆ ಶಟರ್ ತರಹ ಸುತ್ತಿಟ್ಟ ಗಟ್ಟಿ ಬಟ್ಟೆಯ ಪರದೆಯೂ ಇದೆ. ಆ ಪರದೆ ಮಾಡುವ ಕಂಪನಿ ಗಗನಯಾತ್ರಿಗಳ ಬಟ್ಟೆ ಹೊಲಿಯುವುದೂ ಹೌದು. 2019ರ ನವೆಂಬರ್‌ನಲ್ಲಿ ಬ್ರೂಕ್ಲಿನ್‌ನ ಒಂದು ಸ್ಟೇಷನ್ ಮೆಟ್ಟಿಲಿಗೆ ಬೇಕಂತಲೇ ನೀರು ತುಂಬಿಸಿ ನಾಲ್ಕು ಗಂಟೆ ಬಿಟ್ಟು ಪರೀಕ್ಷೆ ಮಾಡಿದರು. ದಾರೀಲಿ ಹೋಗುವವರೆಲ್ಲ ನಿಂತು ಫೋಟೋ ತೆಗೆದದ್ದೇ ತೆಗೆದದ್ದು. ಮೆಟ್ಟಿಲು ಇಳಿಯಲು ಹೋದರೆ ಈಜುಕೊಳ!

ಸುಮ್ನಿರಪ್ಪ

ಎಲ್ಲ ಸರಿ ಸ್ವಾಮಿ. ನಮ್ಮೂರಿಗೂ ಅದಕ್ಕೂ ಏನು ಸಂಬಂಧ? ನಾವಿರೋದು ಸಮುದ್ರಕ್ಕಿಂತ 900 ಮೀಟರ್ ಮೇಲೆ. ನದಿ ಇಲ್ಲ, ಸಮುದ್ರ ಇಲ್ಲ, ಚಂಡಮಾರುತ ಬಂದರೆ ಚೆನ್ನೈ ತಡೀತದೆ. ಸುಮ್ನೆ ಹೆದರಿಸಬೇಡಿ.

ಮಣ್ಣುಮುಕ್ಕ

ಝೆಂಗ್‌ಝೌಗೂ ಸಮುದ್ರ ಇಲ್ಲ. ಚೀನಾದ ಒಳನಾಡಿನ ಊರು. ವರ್ಷವಿಡೀ ಬೀಳುವ ಮಳೆಯೇ ಸುಮಾರು 640 ಮಿ.ಮೀ., ನಮ್ಮ ಬೆಂಗಳೂರಿಗಿಂತ ಕಡಿಮೆ. ಮೆಟ್ರೋ ಹೊಸದು, ನಮ್ಮ ಪರ್ಪಲ್ ಲೈನಿನ ವಾರಿಗೆಯದು.

2021ರ ಜುಲೈ 20. ಸಂಜೆ ನಾಲ್ಕರಿಂದ ಐದರವರೆಗೆ, ಒಂದೇ ಗಂಟೆಯಲ್ಲಿ, 201.9 ಮಿ.ಮೀ. ಮಳೆ. ಹೋಲಿಕೆಗೆ ಹೇಳುತ್ತೇನೆ, 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಟ್ರ್ಯಾಕ್ಟರ್‌ನಲ್ಲಿ ಆಫೀಸಿಗೆ ಹೋದರಲ್ಲ, ಆಗ ಊರಲ್ಲಿ ಬಿದ್ದದ್ದು ಇಡೀ ದಿನಕ್ಕೆ ಸುಮಾರು 130.

5ನೇ ಲೈನಿನ ಡಿಪೋ ಒಂದು ತಗ್ಗಿನಲ್ಲಿತ್ತು. ಡಿಪೋ ಅಂದರೆ ರಾತ್ರಿ ರೈಲು ನಿಲ್ಲಿಸುವ ಬಯಲು. ಅಲ್ಲಿಂದ ಒಂದು ಇಳಿಜಾರು ನೇರ ಸುರಂಗಕ್ಕೆ ಹೋಗುತ್ತದೆ. ಸುತ್ತ ನೀರು ತಡೆಯುವ ಗೋಡೆ ಇತ್ತು. ಹೊರಗೆ ನೀರು ಏರಿತು, ಗೋಡೆ ಬಿತ್ತು. ಸ್ಟೇಷನ್‌ಗಳ ಬಾಗಿಲಲ್ಲಿ ಸಿಬ್ಬಂದಿ ಮರಳುಚೀಲ ಜೋಡಿಸುತ್ತಿದ್ದಾಗ, ನೀರು ಡಿಪೋದ ಇಳಿಜಾರಿನಲ್ಲಿ ಇಳಿದು ಸುರಂಗದೊಳಗೆ ಸೇರಿತು.

ರೈಲುಗಳು ಓಡುತ್ತಲೇ ಇದ್ದವು. ಮಳೆಯ ಕೆಂಪು ಎಚ್ಚರಿಕೆ ಆಗಲೇ ಕೊಟ್ಟಾಗಿತ್ತು. ಎರಡು ಸ್ಟೇಷನ್‌ಗಳ ಮಧ್ಯೆ ಒಂದು ರೈಲು ನಿಂತಿತು. ಒಳಗೆ 500ಕ್ಕೂ ಜಾಸ್ತಿ ಜನ, ಕೆಲಸ ಮುಗಿಸಿ ಮನೆಗೆ ಹೊರಟವರು. ಮೊದಲು ಪಾದ, ಆಮೇಲೆ ಸೊಂಟ, ಆಮೇಲೆ ಎದೆ. ಕಿಟಕಿಯ ಹೊರಗಿನ ನೀರು ಒಳಗಿನದಕ್ಕಿಂತ ಮೇಲಿತ್ತು. ಗಾಳಿ ಸಾಲದೆ ಬಂದಾಗ ಗಾಜು ಒಡೆದರು. 14 ಜನ ಸತ್ತರು.

ಆಮೇಲೆ ತನಿಖೆ ನಡೆಯಿತು, ಹಲವರಿಗೆ ಶಿಕ್ಷೆ ಆಯಿತು. ನಾವು ಈ ಕಸುಬಿನವರು ಆ ವರದಿಯಿಂದ ನೆನಪಿಟ್ಟುಕೊಂಡದ್ದು ಎರಡು. ಆ ಡಿಪೋವನ್ನು ಮೂಲ ನಕ್ಷೆಗಿಂತ ತಗ್ಗಿನಲ್ಲಿ ಕಟ್ಟಿದ್ದರು. ರೈಲು ನಿಲ್ಲಿಸಿ ಅನ್ನುವ ಮಾತು ತಡವಾಗಿ ಬಂತು.

ಸುಮ್ನಿರಪ್ಪ

...ಸರಿ. ನಾನು ಏನೂ ಹೇಳಿಲ್ಲ ಅಂದ್ಕೊಳ್ಳಿ.

ಲಾಲ್‌ಬಾಗ್_ಬಂಡೆ

ಊಟ ಆದ ಮೇಲೆ ಓದಬಾರದಿತ್ತು. ನಮ್ಮಲ್ಲಿ ನಿಲ್ಲಿಸಿ ಅನ್ನೋರು ಯಾರು? ಮುಂಚೆಯೇ ನಿಲ್ಲಿಸಿ, ಆಮೇಲೆ ಮಳೆ ಬರದಿದ್ದರೆ ಟಿವಿಯವರು ಮೈಮೇಲೆ ಬೀಳಲ್ವಾ?

ಮಣ್ಣುಮುಕ್ಕ

ಬೀಳುತ್ತಾರೆ, ಬೀಳಲಿ ಬಿಡಿ. ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ "ನೀರು ಈ ಗುರುತು ದಾಟಿದರೆ ಯಾರನ್ನೂ ಕೇಳದೆ ನಿಲ್ಲಿಸು" ಅಂತ ಬರೆದುಕೊಟ್ಟಿರಬೇಕು. ಫೋನ್ ಮಾಡಿ ಅನುಮತಿ ಕೇಳುವ ಹೊತ್ತು ಅದಲ್ಲ. 2025ರ ಸೆಪ್ಟೆಂಬರ್ 23ರ ಬೆಳಗ್ಗೆ ಕೋಲ್ಕತ್ತಾದಲ್ಲಿ ಏನಾಯಿತು ನೋಡಿ. ರಾತ್ರಿಯೆಲ್ಲ ಸುರಿದು 250 ಮಿ.ಮೀ. ದಾಟಿತು. ಮಹಾನಾಯಕ್ ಉತ್ತಮ್ ಕುಮಾರ್ ಮತ್ತು ರವೀಂದ್ರ ಸರೋಬರ್ ಸ್ಟೇಷನ್‌ಗಳ ಮಧ್ಯೆ ಹಳಿ ಮೇಲೆ ನೀರು. ಮೈದಾನ್ ಸ್ಟೇಷನ್ನಿನಿಂದ ದಕ್ಷಿಣಕ್ಕೆ ರೈಲು ನಿಲ್ಲಿಸಿದರು, ಉತ್ತರದಲ್ಲಿ ಮಾತ್ರ ಓಡಿಸಿದರು. ಬೈಗುಳ ತಿಂದರು. ರೈಲಿನೊಳಗೆ ಯಾರೂ ಸಾಯಲಿಲ್ಲ.

ಅಲ್ಲಿಯಂತೆ ನಮ್ಮ ಮೆಟ್ರೋದಲ್ಲೂ ವಿದ್ಯುತ್ ಬರೋದು ಹಳಿ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ತಂತಿ ತಲೆ ಮೇಲಿದ್ದರೆ ನೀರಿಗೆ ಸಿಗೋದು ತಡ. ಮೂರನೇ ಹಳಿ ನೆಲದ ಹತ್ತಿರವೇ ಇರುತ್ತೆ. ಹಾಗಾಗಿ ನೀರು ಏರುತ್ತಿದೆ ಅಂದರೆ ಬೇಗ ತೀರ್ಮಾನ ಮಾಡಲೇಬೇಕು.

ಸಿಂಗಪುರದ_ಸೊಸೆ

ನಮ್ಮೂರಿನ ಕಥೆಯಲ್ಲಿ ಚಂಡಮಾರುತವೂ ಇಲ್ಲ, ಭಾರೀ ಪ್ರವಾಹವೂ ಇಲ್ಲ. 2017ರ ಅಕ್ಟೋಬರ್ 7, ಒಂದು ಶನಿವಾರದ ಸಂಜೆ ಮಳೆ. ಇಲ್ಲಿ ಮಳೆ ದಿನಾ ಬರೋದೇ. ಬಿಶಾನ್ ಮತ್ತು ಬ್ರಾಡೆಲ್ ಸ್ಟೇಷನ್‌ಗಳ ಮಧ್ಯೆ ಸುರಂಗಕ್ಕೆ ನೀರು ತುಂಬಿ ಮಾರನೇ ದಿನ ಮಧ್ಯಾಹ್ನದವರೆಗೆ ರೈಲಿಲ್ಲ. ಇಡೀ ಊರಿಗೆ ದಿಗಿಲು. ಸಿಂಗಪುರದಲ್ಲಿ ಹೀಗಾಗುತ್ತಾ ಅಂತ.

ತೆರೆದ ಇಳಿಜಾರಿನಲ್ಲಿ ಬಿದ್ದ ಮಳೆ ನೀರನ್ನು ಹಿಡಿಯಲು ಒಂದು ದೊಡ್ಡ ಸಂಪ್ ಇತ್ತು. ಪಂಪ್‌ಗಳೂ ಇದ್ದವು. ನೀರು ಏರಿದಾಗ ಅವನ್ನು ಶುರು ಮಾಡಬೇಕಾದ ಫ್ಲೋಟ್ ಸ್ವಿಚ್‌ಗಳು ಕೆಲಸ ಮಾಡಲಿಲ್ಲ. ವಿಚಾರಣೆ ಮಾಡಿದಾಗ ಗೊತ್ತಾಯಿತು, ಮೂರು ತಿಂಗಳಿಗೊಮ್ಮೆ ಮಾಡಬೇಕಿದ್ದ ತಪಾಸಣೆ ಮಾಡೇ ಇರಲಿಲ್ಲ. ಪುಸ್ತಕದಲ್ಲಿ ಮಾತ್ರ ಮಾಡಿದ್ದೀವಿ ಅಂತ ಸಹಿ ಇತ್ತು.

ನಮ್ಮ ಅತ್ತೆ ಅವತ್ತು ಅಂದದ್ದು ಇನ್ನೂ ನೆನಪಿದೆ. "ಮೈಸೂರಿನ ಮನೇಲಿ ಸಂಪ್ ತುಂಬಿ ಹರಿದರೆ ಮೊದಲು ಫ್ಲೋಟೇ ನೋಡೋದು. ಇವರಿಗೆ ಯಾರೂ ಹೇಳಿಕೊಟ್ಟಿಲ್ವಾ?"

ಸಂಪ್_ಸ್ವಾಮಿ

ಹೆಸರೇ ನನ್ನದು ಸಂಪ್, ಈಗ ಬಾಯಿ ಬಿಡಲೇಬೇಕು. ನಾನು ಮೆಟ್ರೋದವನಲ್ಲ. ಒಂದು ದೊಡ್ಡ ಕಟ್ಟಡದ ಮೂರು ಅಂತಸ್ತಿನ ಬೇಸ್‌ಮೆಂಟ್ ನೋಡಿಕೊಳ್ಳುತ್ತೇನೆ. ಯಾವ ಕಟ್ಟಡ ಕೇಳಬೇಡಿ, ಕೆಲಸ ಬೇಕು.

ರ‍್ಯಾಂಪ್ ಬಾಯಿಗೆ ಹಾಕಲು ಅಲ್ಯೂಮಿನಿಯಂ ಹಲಗೆಗಳಿವೆ. ಎರಡೂ ಕಡೆ ಗೋಡೆಯಲ್ಲಿ ಕಬ್ಬಿಣದ ಚಾನಲ್, ಅದರೊಳಗೆ ಒಂದರ ಮೇಲೊಂದು ಇಳಿಸಬೇಕು. ಅಡಿಯಲ್ಲಿ ರಬ್ಬರ್ ಪಟ್ಟಿ. ಕ್ಯಾಟಲಾಗ್‌ನಲ್ಲಿ ಇಬ್ಬರು ನಗುನಗುತ್ತಾ ಹತ್ತು ನಿಮಿಷದಲ್ಲಿ ಹಾಕುತ್ತಾರೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಾವು ಮೊದಲ ಸಲ ಹಾಕಿ ನೋಡಿದೆವು. ಹಲಗೆ ಇಟ್ಟಿದ್ದು ಎಲ್ಲಿ ಅಂತ ಹುಡುಕಲು ಅರ್ಧ ಗಂಟೆ. ಕೋಣೆಯ ಬೀಗದ ಕೈ ರಜೆಯಲ್ಲಿದ್ದವನ ಹತ್ತಿರ. ಬಂತು. ಮೊದಲ ಹಲಗೆ ಇಳಿಸಿದರೆ ನಾಲ್ಕು ಬೆರಳು ಮೇಲೇ ನಿಂತಿತು. ಚಾನಲ್ ತಳದಲ್ಲಿ ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಗುಟ್ಕಾ ಪೊಟ್ಟಣ, ಬೀಡಿ ಮೋಟು, ಒಂದು ಕಿವಿಯೋಲೆ, ಅದರ ಮೇಲೆ ಸಿಮೆಂಟ್ ತರಹ ಗಟ್ಟಿಯಾದ ಮಣ್ಣು. ಸ್ಕ್ರೂಡ್ರೈವರ್‌ನಿಂದ ಕೆರೆದು ಕೆರೆದು ತೆಗೆಯುವಷ್ಟರಲ್ಲಿ ಸೂರ್ಯ ಮುಳುಗಿತು. ಮಳೆ ಬಂದಿದ್ದರೆ ನಾವೂ ಮುಳುಗುತ್ತಿದ್ದೆವು.

ಈಗ ಪ್ರತಿ ಅಮಾವಾಸ್ಯೆಗೆ ಚಾನಲ್ ಗುಡಿಸುತ್ತೇವೆ. ಯಾಕೆ ಅಮಾವಾಸ್ಯೆ ಅಂದರೆ, ನಮ್ಮ ಹುಡುಗರು ಇನ್ಯಾವ ತಾರೀಖೂ ನೆನಪಿಟ್ಟುಕೊಳ್ಳಲ್ಲ.

ಮರಳುಚೀಲ ನಂಬುವವರಿಗೆ ಒಂದು ಲೆಕ್ಕ. ಒಂದು ಮೀಟರ್ ಎತ್ತರ ನೀರು ನಿಂತರೆ, ಮೂರು ಮೀಟರ್ ಅಗಲದ ಬಾಗಿಲ ಮೇಲೆ ಬೀಳುವ ಒತ್ತಡ ಒಂದೂವರೆ ಟನ್. ನೀರು ಎರಡು ಮೀಟರ್ ಆದರೆ ಅದು ಮೂರು ಟನ್ ಅಲ್ಲ, ಆರು ಟನ್. ಪ್ಲೈವುಡ್ ಯಾಕೆ ನಿಲ್ಲಲಿಲ್ಲ ಅಂತ ಗೊತ್ತಾಯ್ತಲ್ಲ?

ಇನ್ನೊಂದು. ಎಲ್ಲರೂ ಪಂಪ್ ಎಷ್ಟು ಕುದುರೆ ಶಕ್ತಿ ಅಂತ ಕೇಳುತ್ತಾರೆ. ಎತ್ತಿದ ನೀರು ಎಲ್ಲಿ ಬಿಡ್ತೀರಿ ಅಂತ ಯಾರೂ ಕೇಳಲ್ಲ. ನಮ್ಮದು ರಾಜಕಾಲುವೆಗೆ. ಜೋರು ಮಳೇಲಿ ರಾಜಕಾಲುವೆಯೇ ತುಂಬಿ ನಿಂತಿರುತ್ತೆ. ಪೈಪ್‌ನಲ್ಲಿ ನೀರು ವಾಪಸ್ ಬರದಂತೆ ವಾಲ್ವ್ ಇಲ್ಲದಿದ್ದರೆ, ಪಂಪ್ ನಿಂತ ಕೂಡಲೇ ಕಾಲುವೆ ನೀರೆಲ್ಲ ನಮ್ಮ ಕಡೆಗೇ. ನಾವೇ ದುಡ್ಡು ಕೊಟ್ಟು ದಾರಿ ಮಾಡಿಕೊಟ್ಟ ಹಾಗೆ.

ಮಣ್ಣುಮುಕ್ಕ

ಸ್ವಾಮಿಗಳಿಗೆ ಸಾಷ್ಟಾಂಗ. ನಾನು ಕೂತ ಎಷ್ಟೋ ಮೀಟಿಂಗ್‌ಗಳಲ್ಲಿ ಈ ಗುಟ್ಕಾ ಪೊಟ್ಟಣದ ವಿಚಾರ ಬಂದಿಲ್ಲ. ಒಂದೇ ಸೇರಿಸುತ್ತೇನೆ, ಪಂಪ್‌ಗೆ ಕರೆಂಟ್ ಕೊಡುವ ಪ್ಯಾನಲ್ ಪಂಪ್ ಪಕ್ಕದಲ್ಲೇ ತಗ್ಗಿನಲ್ಲಿ ಇರಬಾರದು. ನಗಬೇಡಿ, ಎಷ್ಟೋ ಕಡೆ ಹಾಗೇ ಇರುತ್ತೆ. ಮೊದಲು ಮುಳುಗೋದೇ ಅದು.

ಗಾಲಿಕುರ್ಚಿ_ಗೆಳತಿ

ಇಷ್ಟೊತ್ತು ಓದುತ್ತಿದ್ದೆ. ಐದು ಮೆಟ್ಟಿಲು ಅಂತ ಎಲ್ಲರೂ ಸಲೀಸಾಗಿ ಹೇಳುತ್ತಿದ್ದೀರಿ. ನನಗೆ ಅದು ಗೋಡೆ.

ತಪ್ಪು ತಿಳಿಯಬೇಡಿ, ಹೊಸ್ತಿಲು ತಗ್ಗಿಸಿ ಅಂತ ಕೇಳುತ್ತಿಲ್ಲ. ನಾನೂ ಮುಳುಗಲು ತಯಾರಿಲ್ಲ. ಆದರೆ ಒಂದು ಊರಲ್ಲಿ ನೋಡಿದ್ದು ಹೇಳುತ್ತೇನೆ. ಮೆಟ್ಟಿಲಿನ ಬಾಗಿಲು ಮೂರಡಿ ಮೇಲಿತ್ತು. ಲಿಫ್ಟ್ ಮಾತ್ರ ಫುಟ್‌ಪಾತ್ ಮಟ್ಟದಲ್ಲೇ ತೆರೆಯುತ್ತಿತ್ತು. ಅನುಕೂಲ ಆಗಲಿ ಅಂತ ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಮಳೆಗಾಲದಲ್ಲಿ ಲಿಫ್ಟ್ ಮುಂದೆ ಮರಳುಚೀಲ ಪೇರಿಸಿ "ಸೇವೆ ಇಲ್ಲ" ಅಂತ ಬೋರ್ಡ್. ಅಂದರೆ ಮಳೆ ಬಂದರೆ ನಾನು ಮೆಟ್ರೋ ಹತ್ತುವ ಹಾಗಿಲ್ಲ, ಆ ಚೀಲ ಜಾರಿದರೆ ಒಳಗಿದ್ದವರು ಉಳಿಯುವ ಹಾಗಿಲ್ಲ. ಎರಡೂ ಕಡೆ ನಷ್ಟ. ಲಿಫ್ಟಿನ ಹೊಸ್ತಿಲೂ ಮೆಟ್ಟಿಲಿನಷ್ಟೇ ಎತ್ತರ ಇರಲಿ, ಅಲ್ಲಿಗೆ ಹೋಗಲು ಸರಿಯಾದ ಇಳಿಜಾರು ಕಟ್ಟಲಿ. ಜಾಗ ಇಲ್ಲ ಅನ್ನುತ್ತಾರೆ. ಬೋರ್ಡ್, ಜಾಹೀರಾತು, ಹೂಕುಂಡಕ್ಕೆ ಜಾಗ ಇರುತ್ತೆ.

ಇನ್ನೊಂದು ಪ್ರಶ್ನೆ. ನೀರು ಬಂತು, ಕರೆಂಟ್ ತೆಗೆದರು. ಲಿಫ್ಟ್ ನಿಂತಿತು. ನಾನು ಕೆಳಗಿದ್ದರೆ ಮೇಲೆ ಬರೋದು ಹೇಗೆ?

ಮಣ್ಣುಮುಕ್ಕ

ಮೊದಲನೆಯದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಎರಡನೆಯದಕ್ಕೆ ಪುಸ್ತಕದ ಉತ್ತರ ಇದೆ: ಕಾಯುವ ಸುರಕ್ಷಿತ ಜಾಗ, ಹೊತ್ತು ತರಲು ತರಬೇತಿ ಪಡೆದ ಸಿಬ್ಬಂದಿ, ಮೆಟ್ಟಿಲ ಮೇಲೆ ಜಾರುವ ಕುರ್ಚಿ. ಅದನ್ನು ನಿಮ್ಮಂಥವರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದ್ದನ್ನು ನಾನು ಕಣ್ಣಾರೆ ನೋಡಿಲ್ಲ. ನೋಡಿದ್ದೇನೆ ಅಂತ ಸುಳ್ಳು ಹೇಳಲ್ಲ.

ಗಾಲಿಕುರ್ಚಿ_ಗೆಳತಿ

ನಾನು ಬರ್ತೀನಿ. ಕರೆದರೆ ಸಾಕು. ಮಳೆಗಾಲಕ್ಕೆ ಮುಂಚೆ ಕರೆಯಲಿ.

ಕೋಡಿಹರಿದಕೆರೆ

ಮಣ್ಣುಮುಕ್ಕ ಅವರಿಗೆ ಮತ್ತೆ. ಸುರಂಗ ಗಟ್ಟಿ ಇದೆ ಅಂತ ಒಪ್ಪಿಕೊಂಡೆ. ಹೊಸ್ತಿಲ ಲೆಕ್ಕ ಹಾಕುವಾಗ ಹಳೇ ಮಳೆ ನೋಡುತ್ತೀರಿ. ಆದರೆ ಈಗ ಸುತ್ತ ಇರೋದೆಲ್ಲ ಕಾಂಕ್ರೀಟ್. ಅಷ್ಟೇ ಮಳೆ ಬಿದ್ದರೂ ನೀರು ಬೇಗ ಬರುತ್ತೆ, ಎತ್ತರಕ್ಕೆ ಬರುತ್ತೆ. ಮೊನ್ನೆ ರಸ್ತೆಗೆ ಮತ್ತೊಂದು ಪದರ ಟಾರು ಬಿತ್ತು. ಹೀಗೆ ಪ್ರತಿ ಸಲ ರಸ್ತೆ ಎರಡು ಇಂಚು ಏರುತ್ತೆ, ಸ್ಟೇಷನ್ ಹೊಸ್ತಿಲು ಅಲ್ಲೇ ಇರುತ್ತೆ. ಹತ್ತು ಸಲ ಟಾರು ಹಾಕಿದರೆ ನಿಮ್ಮ ಐದು ಮೆಟ್ಟಿಲಲ್ಲಿ ಎಷ್ಟು ಉಳಿಯುತ್ತೆ?

ಮಣ್ಣುಮುಕ್ಕ

ಎರಡು. ಇದಕ್ಕೆ ನನ್ನ ಹತ್ತಿರ ವಾದ ಇಲ್ಲ. ಹಳೇ ಟಾರು ಕೆರೆದು ತೆಗೆದು ಹೊಸದು ಹಾಕಬೇಕು ಅಂತ ನಿಯಮ. ಕೆರೆಯೋದು ಎಷ್ಟು ಸಲ ನೋಡಿದ್ದೀರಿ?

ದಾದರ್_ಕನ್ನಡಿಗ

ನಮ್ಮ ಬಿಲ್ಡಿಂಗ್‌ನ ನೆಲಮಹಡಿ ಹೀಗೇ ಬೇಸ್‌ಮೆಂಟ್ ಆಗಿರೋದು.

ಲಾಲ್‌ಬಾಗ್_ಬಂಡೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಝೆಂಗ್‌ಝೌ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಮಾತಾಡಲಿಲ್ಲ. ಇವತ್ತು ಬೆಳಗ್ಗೆ ಅವರೇ ಹೊರಡು ಅಂದರು. ಅದೇ ಸ್ಟೇಷನ್. ಮೆಟ್ಟಿಲು ಹತ್ತಲಿಲ್ಲ, ಹೊರಗೆ ಒಂದು ಸುತ್ತು ಬಂದೆವು. ಗಾಳಿಗುಂಡಿಯ ಕಟ್ಟೆ ಹುಡುಕಿದರು. ಅದರ ಮೇಲೆ ಇಬ್ಬರು ಹುಡುಗರು ಕೂತು ಚುರುಮುರಿ ತಿನ್ನುತ್ತಿದ್ದರು. ಅವರನ್ನು ಸ್ವಲ್ಪ ಸರಿಯಪ್ಪ ಅಂದು ಕೊಡೆ ನಿಲ್ಲಿಸಿ ಅಳತೆ ನೋಡಿದರು. ಕೊಡೆಗಿಂತ ಒಂದು ಗೇಣು ಮೇಲೆ. "ಇದು ಪರವಾಗಿಲ್ಲ" ಅಂದರು. ಲಿಫ್ಟಿನ ಬಾಗಿಲ ಹತ್ತಿರ ಹೋಗಿ ಮತ್ತೆ ಕೊಡೆ ಇಟ್ಟರು. ಅಲ್ಲಿಗೆ ಸೆಕ್ಯುರಿಟಿಯವರು ಬಂದು, "ಏನು ಸಾರ್, ಏನಾದರೂ ಬಿದ್ದೋಯ್ತಾ?" ಅಂದರು. ಅಳತೆ ಅಲ್ಲಿಗೆ ನಿಂತಿತು.

ಮನೆಗೆ ಬಂದವರೇ ನಮ್ಮ ಸಂಪಿನ ಮುಚ್ಚಳ ತೆಗೆಸಿದರು. ಟಾರ್ಚ್ ಬಿಟ್ಟು ನೋಡಿದರೆ ಫ್ಲೋಟ್ ಪೈಪಿಗೆ ಸುತ್ತಿಕೊಂಡು ಗೋಡೆಗೆ ಅಂಟಿ ನಿಂತಿದೆ. ಎಷ್ಟು ದಿನದಿಂದಲೋ. ಈಗ ಕೋಲಿನಿಂದ ಬಿಡಿಸಲು ನೋಡುತ್ತಿದ್ದಾರೆ.

ಸಂಪ್_ಸ್ವಾಮಿ

ಕೋಲು ಬೇಡ. ಮೊದಲು ಮೈನ್ ಆಫ್ ಮಾಡಿಸಿ.